ಆಟಿ ತಿಂಗಳಲ್ಲಿ ಪಿಯಾನೋ ಶ್ರುತಿ: ಬಿರಡೆ ತಿರುಗಿಸುವ ಮೊದಲು

ಕಂಕನಾಡಿ_ಅಕ್ಕ ಬರೆದರು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಗೆ ಒಂದು ಹಳೆಯ ಅಪ್‌ರೈಟ್ ಪಿಯಾನೋ ಬಂದಿದೆ. ಬೆಂದೂರಿನಲ್ಲಿದ್ದ ಚಿಕ್ಕಮ್ಮ ಹಂಚಿನ ಮನೆ ಮಾರಿ ಫ್ಲ್ಯಾಟಿಗೆ ಹೋದರು. ಅಲ್ಲಿಯ ಲಿಫ್ಟಿಗೆ ಇದು ಹಿಡಿಸುವುದಿಲ್ಲ, ಹಾಗಾಗಿ ನಮ್ಮ ಪಾಲಾಯಿತು. ಮಗಳು ಕಲಿಯುತ್ತಿದ್ದಾಳೆ. ನವೆಂಬರ್‌ನಲ್ಲಿ ಗ್ರೇಡ್ ಪರೀಕ್ಷೆ ಉಂಟು.

ಜನವರಿಯಲ್ಲಿ ಒಬ್ಬರು ಬಂದು ಪೂರ್ತಿ ಶ್ರುತಿ ಮಾಡಿ ಹೋದರು. ಬೇಸಿಗೆ ಮುಗಿಯುವವರೆಗೆ ಚೆನ್ನಾಗಿಯೇ ಇತ್ತು. ಮಳೆ ಹಿಡಿದ ಮೇಲೆ, ಈಗ ಆಟಿಯಲ್ಲಿ, ಕೇಳುವ ಹಾಗಿಲ್ಲ. ನಡುವಿನ ಸ್ವರಗಳು ಮೇಲೆ ಹೋಗಿವೆ ಅಂತ ಮಗಳು ಹೇಳುತ್ತಾಳೆ. ಎಡಗಡೆ ಕೆಲವು ಸ್ವರಗಳು ಮಾತ್ರ ಕೆಳಗೆ ಬಿದ್ದಿವೆ. ಒಂದೇ ಪಿಯಾನೋದಲ್ಲಿ ಕೆಲವು ಏರುವುದು, ಕೆಲವು ಇಳಿಯುವುದು ಹೇಗೆ?

ಪಕ್ಕದ ಮನೆಯವರು ತಂತಿ ಸುತ್ತಿದ ಬಿರಡೆ ತುಕ್ಕು ಹಿಡಿದಿರಬೇಕು, ಸ್ವಲ್ಪ ಎಣ್ಣೆ ಬಿಟ್ಟು ಸ್ಪ್ಯಾನರ್‌ನಲ್ಲಿ ತಿರುಗಿಸಿ ಅಂದರು. ಮಾಡಬಹುದಾ? ಇನ್ನೊಂದು ಸಂಶಯ. ಗಿಟಾರಿಗೆ ಹಲ್ಲಿನ ಚಕ್ರದ ಕಿವಿ ಇರುತ್ತದಲ್ವಾ, ಅದನ್ನು ಪಿಯಾನೋಕ್ಕೆ ಯಾಕೆ ಇಟ್ಟಿಲ್ಲ?

---

ಬಲ್ಮಠ_ಬಾಸ್ ಬರೆದರು:

ಎಣ್ಣೆ ಬೇಡ ಅಕ್ಕ. ಸ್ಪ್ಯಾನರೂ ಬೇಡ. ಉಳಿದದ್ದು ಲಿವರ್ ಅಣ್ಣ ಬಂದು ಹೇಳುತ್ತಾರೆ, ಅಷ್ಟರವರೆಗೆ ಆ ಪಕ್ಕದ ಮನೆಯವರಿಗೆ ಚಾ ಕೊಟ್ಟು ಕೂರಿಸಿ.

---

ಹಳೇ_ಲಿವರ್ ಬರೆದರು:

ಎಣ್ಣೆ ಯಾಕೆ ಬೇಡ ಅಂತ ಮೊದಲು ಹೇಳುತ್ತೇನೆ. ಆಗ ಉಳಿದದ್ದೂ ಅರ್ಥ ಆಗುತ್ತದೆ.

ಮೇಲಿನ ಮುಚ್ಚಳ ತೆಗೆದು ನೋಡಿ. ಸಾಲು ಸಾಲಾಗಿ ಚೌಕ ತಲೆಯ ಉಕ್ಕಿನ ಬಿರಡೆಗಳು ಕಾಣುತ್ತವೆ. ಒಂದು ಪಿಯಾನೋದಲ್ಲಿ ಸುಮಾರು 230 ಇರುತ್ತವೆ. ಕೀಲಿ 88, ಆದರೆ ಮೇಲಿನ ಸ್ವರಗಳಿಗೆ ತಲಾ ಮೂರು ತಂತಿ, ಕೆಳಗಿನವಕ್ಕೆ ಎರಡು, ತೀರಾ ತಗ್ಗಿನವಕ್ಕೆ ಒಂದು. ಬಿರಡೆಯ ದಪ್ಪ ಏಳು ಮಿಲಿಮೀಟರಿಗೆ ತುಸು ಜಾಸ್ತಿ, ಉದ್ದ ಆರು ಸೆಂಟಿಮೀಟರ್ ಆಸುಪಾಸು. ತಂತಿ ಅದಕ್ಕೆ ಮೂರು ಸುತ್ತು ಸುತ್ತಿರುತ್ತದೆ.

ಬಿರಡೆ ಬೀಡುಕಬ್ಬಿಣದ ಚೌಕಟ್ಟಿನ ತೂತಿನಿಂದ ಒಳಗೆ ಹೋಗಿದೆ. ಅದನ್ನು ನೋಡಿ ಕಬ್ಬಿಣವೇ ಹಿಡಿದುಕೊಂಡಿದೆ ಅಂತ ಸುಮಾರು ಜನ ತಿಳಿಯುತ್ತಾರೆ. ಹಾಗಲ್ಲ. ಕಬ್ಬಿಣದ ಹಿಂದೆ ಒಂದು ಮರದ ದಪ್ಪ ಹಲಗೆ ಉಂಟು, ಪಿನ್‌ಬ್ಲಾಕ್ ಅಂತ. ಮೇಪಲ್ ಅಥವಾ ಬೀಚ್ ಮರದ ಪದರಗಳನ್ನು ಅಂಟಿಸಿ ಮಾಡಿದ್ದು. ಅದರಲ್ಲಿ ಬಿರಡೆಗಿಂತ ಸಣ್ಣ ತೂತು ಕೊರೆದು ಬಿರಡೆಯನ್ನು ಬಡಿದು ಕೂರಿಸಿದ್ದಾರೆ. ಹಲ್ಲಿಲ್ಲ, ಲಾಕ್ ಇಲ್ಲ, ನಟ್ ಇಲ್ಲ. ಮೈಮೇಲೆ ಬಹಳ ಸಣ್ಣ ಗೀರು ಇರುತ್ತದೆ, ಆದರೆ ಅದು ಸ್ಕ್ರೂ ಹಾಗೆ ಕೆಲಸ ಮಾಡುವುದಿಲ್ಲ. ಮರ ಉಕ್ಕನ್ನು ಸುತ್ತಲಿಂದ ಒತ್ತಿ ಹಿಡಿಯುತ್ತದೆ, ಅಷ್ಟೇ. ಆ ಘರ್ಷಣೆಯೊಂದೇ ಇಡೀ ಪಿಯಾನೋದ ಶ್ರುತಿಯನ್ನು ಕಾಯುವುದು. ಎಣ್ಣೆ ಬಿಟ್ಟರೆ ಮರ ಕುಡಿಯುತ್ತದೆ, ಹಿಡಿತ ಹೋಗುತ್ತದೆ, ಮತ್ತೆ ತೆಗೆಯಲು ಆಗುವುದಿಲ್ಲ. ಹಾಗೆ ಎಣ್ಣೆ ಕುಡಿಸಿದ ಪಿಯಾನೋ ನಾನು ನೋಡಿದ್ದೇನೆ. ಹಲಗೆಯನ್ನೇ ಬದಲಿಸಬೇಕಿತ್ತು, ಆ ಖರ್ಚಿಗೆ ಬೇರೆ ಪಿಯಾನೋ ಬರುತ್ತಿತ್ತು.

ಸ್ಪ್ಯಾನರ್ ಯಾಕೆ ಬೇಡ? ಬಿರಡೆಯ ತಲೆ ಚೌಕ ಇದ್ದರೂ ಮೇಲಕ್ಕೆ ಹೋದ ಹಾಗೆ ಸಣ್ಣದಾಗುತ್ತದೆ. ಸ್ಪ್ಯಾನರ್ ಅಂಚನ್ನು ಸವೆಸುತ್ತದೆ. ಬಿರಡೆಯನ್ನು ಪಕ್ಕಕ್ಕೂ ಎಳೆಯುತ್ತದೆ, ತೂತು ಒಂದು ಕಡೆಗೆ ಅಗಲವಾಗುತ್ತದೆ. ಬಿರಡೆ ತಿರುಗಿಸಲೆಂದೇ ಇರುವ ಟ್ಯೂನಿಂಗ್ ಲಿವರಿನ ಬಾಯಿ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿ ಇರುತ್ತದೆ. ನಾಲ್ಕೂ ಬದಿಯಲ್ಲಿ ಸರಿಯಾಗಿ ಕೂರುತ್ತದೆ, ಬೇಕಾದ ಕೋನದಲ್ಲಿ ಹಿಡಿಯಲೂ ಆಗುತ್ತದೆ.

ಈಗ ನಿಮ್ಮ ಪ್ರಶ್ನೆ. ನಿಮ್ಮಲ್ಲಿ ಎರಡು ಬೇರೆ ಬೇರೆ ತೊಂದರೆ ಉಂಟು ಅಂತ ನನಗೆ ಕಾಣುತ್ತದೆ. ನಡುವಿನ ಸ್ವರಗಳು ಒಟ್ಟಾಗಿ ಏರಿದ್ದಕ್ಕೆ ಬಿರಡೆ ಕಾರಣವಲ್ಲ. ಹಿಂದಿರುವ ಸೌಂಡ್‌ಬೋರ್ಡ್ ಸ್ಪ್ರೂಸ್ ಮರದ ತೆಳು ಹಲಗೆ, ಸ್ವಲ್ಪ ಉಬ್ಬಿಸಿ ಕೂರಿಸಿದ್ದು. ತೇವ ಕುಡಿದರೆ ಇನ್ನೂ ಉಬ್ಬುತ್ತದೆ. ಅದರ ಮೇಲಿನ ಬ್ರಿಡ್ಜನ್ನು, ವೀಣೆಯವರು ಕುದುರೆ ಅನ್ನುತ್ತಾರಲ್ಲ ಅದನ್ನು, ತಂತಿಯ ಕಡೆಗೆ ತಳ್ಳುತ್ತದೆ. ತಂತಿ ಬಿಗಿಯಾಗುತ್ತದೆ, ಸ್ವರ ಏರುತ್ತದೆ. ಬಿರಡೆ ಒಂದು ಕೂದಲೂ ಅಲುಗಿರುವುದಿಲ್ಲ. ಒಣ ಹವೆ ಬಂದಾಗ ಅದೇ ಇಳಿಯುತ್ತದೆ.

ಎಡಗಡೆ ಬಿದ್ದ ಸ್ವರಗಳ ಕಥೆ ಬೇರೆ. ಅಕ್ಕಪಕ್ಕದವು ಸರಿ ಇದ್ದು ಒಂದೊಂದೇ ತಂತಿ ಕೆಳಗೆ ಹೋಗಿದ್ದರೆ ಅಲ್ಲಿ ಬಿರಡೆ ಜಾರುತ್ತಿದೆ. ಫೋನಿನಲ್ಲಿ ಟ್ಯೂನರ್ ಆಪ್ ಹಾಕಿ ಪ್ರತಿ ಸ್ವರ ಎಷ್ಟು ಸೆಂಟ್ (ಅರ್ಧ ಸ್ವರದ ನೂರನೇ ಒಂದು ಭಾಗ) ಆಚೀಚೆ ಉಂಟು ಅಂತ ಬರೆದು ಹಾಕಿ. ಎಂಟ್ರಪಿ ಪಿಯಾನೋ ಟ್ಯೂನರ್ ಅಂತ ಒಂದು ಉಚಿತ ಆಪ್ ಇದೆ, ಜರ್ಮನಿಯ ವುರ್ಜ್‌ಬರ್ಗ್ ವಿಶ್ವವಿದ್ಯಾಲಯದವರು ಮಾಡಿದ್ದು. ಅದು ಸಾಕು. ಮೂರು ತಂತಿಯ ಸ್ವರದಲ್ಲಿ ಎರಡನ್ನು ರಬ್ಬರ್ ತುಂಡಿನಿಂದ ಮುಚ್ಚಿ ಒಂದೊಂದನ್ನೇ ಅಳೆಯಿರಿ.

---

ಉಡುಪಿ_ಹಾರ್ಮೋನಿಯಂ ಬರೆದರು:

ನಮ್ಮ ಹಾರ್ಮೋನಿಯಂಗೆ ಈ ಗಲಾಟೆಯೇ ಇಲ್ಲ ಮಾರಾಯ್ರೆ. ಹಿತ್ತಾಳೆ ನಾಲಗೆ, ತುದಿ ಕೆರೆದರೆ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಯಕ್ಷಗಾನದ ಮೇಳದಲ್ಲಿ ಶ್ರುತಿಪೆಟ್ಟಿಗೆ ಲಾರಿಯಲ್ಲಿ ಊರೂರು ಸುತ್ತಿದರೂ ಶ್ರುತಿ ಅಲ್ಲೇ ಇರುತ್ತದೆ. ಚೆಂಡೆ ಮದ್ದಳೆಯವರಿಗೆ ಮಾತ್ರ ಮಳೆ ಬಂದರೆ ತಲೆಬಿಸಿ.

---

ಹಳೇ_ಲಿವರ್ ಬರೆದರು:

ನಿಮ್ಮದರಲ್ಲಿ ಎಳೆತವೇ ಇಲ್ಲ ಅಲ್ವಾ, ಅದೇ ಕಾರಣ. ಎಳೆದು ಕಟ್ಟಿದ್ದು ತೊಗಲಾಗಲಿ ತಂತಿಯಾಗಲಿ, ಹವೆ ಬದಲಾದರೆ ಕೇಳುವುದಿಲ್ಲ.

---

ಸುರತ್ಕಲ್_ಇಂಜಿನಿಯರ್ ಬರೆದರು:

ಎಳೆತ ಅಂದದ್ದಕ್ಕೆ ಸ್ವಲ್ಪ ಲೆಕ್ಕ ಹಾಕಿ ನೋಡಿದೆ. ಸುಮ್ನೆ ಕುತೂಹಲಕ್ಕೆ.

440 ಹರ್ಟ್ಸ್‌ನ ಎ ಸ್ವರ ತೆಗೆದುಕೊಳ್ಳಿ. ತಂತಿಯ ಮಿಡುಕುವ (ಕಂಪಿಸುವ) ಉದ್ದ 40 ಸೆಂಟಿಮೀಟರ್, ತಂತಿಯ ದಪ್ಪ 1 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಅದನ್ನು ಆ ಸ್ವರಕ್ಕೆ ತರಲು ಸುಮಾರು 78 ಕೆಜಿ ಎಳೆತ ಬೇಕು. ಒಬ್ಬ ದೊಡ್ಡ ಮನುಷ್ಯ ಒಂದು ತಂತಿಗೆ ನೇತಾಡಿದ ಹಾಗೆ. 230 ತಂತಿಗೆ ಗುಣಿಸಿದರೆ 17-18 ಟನ್. ಸುಮ್ಮನೆ ಗೋಡೆಗೆ ಒರಗಿ ನಿಂತ ಪೆಟ್ಟಿಗೆಯ ಒಳಗೆ ಅಷ್ಟು ಭಾರ ಹಗಲು ರಾತ್ರಿ ಎಳೆಯುತ್ತಾ ಇರುತ್ತದೆ.

ಈಗ ಬಿರಡೆ. ಬಾಗಿದ ಭಾಗಗಳನ್ನೂ ಸೇರಿಸಿ ತಂತಿ 60 ಸೆಂಟಿಮೀಟರ್ ಇದ್ದರೆ, ಆ ಎಳೆತಕ್ಕೆ ಅದು ಹಿಗ್ಗುವುದು ಒಟ್ಟು 3 ಮಿಲಿಮೀಟರಿಗಿಂತ ಕಡಿಮೆ. ಅರ್ಧ ಸ್ವರ ಅಂದರೆ 100 ಸೆಂಟ್ ಏರಿಸಲು ಬಿರಡೆ ತಿರುಗಬೇಕಾದದ್ದು 5-6 ಡಿಗ್ರಿ ಮಾತ್ರ. ಒಂದು ಸೆಂಟಿಗೆ ಡಿಗ್ರಿಯ ಇಪ್ಪತ್ತನೇ ಒಂದು ಭಾಗ! 30 ಸೆಂಟಿಮೀಟರ್ ಉದ್ದದ ಲಿವರಿನ ತುದಿಯಲ್ಲಿ ಅದು ಕಾಲು ಮಿಲಿಮೀಟರಿಗೆ ತುಸು ಜಾಸ್ತಿ. ಒಂದೇ ಸ್ವರದ ಮೂರು ತಂತಿ ಒಟ್ಟಿಗೆ ಶುದ್ಧವಾಗಿ ಕೇಳಬೇಕಾದರೆ ಒಂದು ಸೆಂಟ್ ವ್ಯತ್ಯಾಸವೂ ಜಾಸ್ತಿ. ಶ್ರುತಿ ಮಾಡುವ ಟ್ಯೂನರುಗಳು ಕೈಯಲ್ಲಿ ಇದನ್ನು ಹೇಗೆ ಮಾಡುತ್ತಾರೆ?

---

ಹಳೇ_ಲಿವರ್ ಬರೆದರು:

ಲೆಕ್ಕ ಚೆನ್ನಾಗಿದೆ. ಆದರೆ ಕೈಗೆ ಸಿಗುವುದು ಇಷ್ಟು ನೇರ ಅಲ್ಲ.

ಲಿವರ್ ಎಳೆದಾಗ ಮೊದಲು ಬಿರಡೆ ತಿರುಚಿಕೊಳ್ಳುತ್ತದೆ. ತಲೆ ತಿರುಗಿರುತ್ತದೆ, ಮರದೊಳಗಿನ ಬುಡ ಅಲ್ಲೇ ಇರುತ್ತದೆ. ಸ್ವರ ಆಗಲೇ ಏರಿದ ಹಾಗೆ ಕೇಳುತ್ತದೆ. ಅಷ್ಟಕ್ಕೆ ಖುಷಿಪಟ್ಟು ಲಿವರ್ ಬಿಟ್ಟರೆ ಬಿರಡೆ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಬಿರಡೆ ಸ್ವಲ್ಪ ಬಾಗುತ್ತದೆ ಕೂಡ. ಬುಡ ನಿಜವಾಗಿ ಕದಲಿತಾ ಅಂತ ಕೈಗೆ ಗೊತ್ತಾಗಬೇಕು. ಅದನ್ನು ಆಪ್ ಹೇಳುವುದಿಲ್ಲ.

ತಂತಿಯದ್ದೂ ಹಾಗೆಯೇ. ಬಿರಡೆಯಿಂದ ಹೊರಟ ತಂತಿ ಒಂದು ಲೋಹದ ಪಟ್ಟಿಯ ಕೆಳಗೆ ಒತ್ತಿಕೊಂಡು ಬರುತ್ತದೆ. ಆಮೇಲೆ ಮಿಡುಕುವ ಭಾಗ, ಬ್ರಿಡ್ಜ್‌ನ ಮೊಳೆಗಳ ನಡುವೆ ಓರೆಯಾಗಿ ದಾಟಿ ಕೆಳಗಿನ ಕೊಕ್ಕೆ. ಈ ಪ್ರತಿ ತಿರುವಿನಲ್ಲೂ ಉಜ್ಜಾಟ ಉಂಟು. ಮೇಲಿನ ತುಂಡು ಜಾಸ್ತಿ ಬಿಗಿಯಾಗಿ, ಮಿಡುಕುವ ಭಾಗ ಕಡಿಮೆ ಬಿಗಿಯಾಗಿ ಸಿಕ್ಕಿಕೊಳ್ಳಬಹುದು. ಮಗಳು ಜೋರಾಗಿ ನುಡಿಸಿದ ಕೂಡಲೇ ಅದು ಜಾರಿ ಸಮವಾಗುತ್ತದೆ, ಸ್ವರ ಬದಲಾಗುತ್ತದೆ. ಹಾಗಾಗಿ ಬೇಕಾದದ್ದಕ್ಕಿಂತ ಒಂದು ಚೂರು ಮೇಲೆ ಎಳೆದು, ಕೀಲಿಯನ್ನು ಗಟ್ಟಿಯಾಗಿ ಹೊಡೆದು, ಅಲ್ಲಿಂದ ಮೆಲ್ಲ ಕೆಳಗೆ ಕೂರಿಸುತ್ತೇವೆ. ಎಳೆಯುವುದು ಒಂದು ವಾರದಲ್ಲಿ ಬರುತ್ತದೆ. ಕೂರಿಸುವುದು ಬರಲು ವರ್ಷಗಳು ಬೇಕು.

---

ಕಂಕನಾಡಿ_ಅಕ್ಕ ಬರೆದರು:

ಮಗಳು ಅಳೆದು ಬರೆದಿದ್ದಾಳೆ. ನಡುವಿನ ಎರಡು ಆಕ್ಟೇವ್ (ಸ್ಥಾಯಿ) ಎಲ್ಲ 12ರಿಂದ 15 ಸೆಂಟ್ ಮೇಲೆ. ತೀರಾ ಬಲಗಡೆ 4-5 ಸೆಂಟ್ ಮೇಲೆ. ಬಾಸ್, ಅಂದರೆ ಎಡಗಡೆಯ ತಗ್ಗಿನ ಸ್ವರಗಳು, ಹೆಚ್ಚುಕಡಿಮೆ ಸರಿಯೇ ಇದೆ, ಆದರೆ ಐದು ಸ್ವರಗಳಲ್ಲಿ ಒಂದೊಂದು ತಂತಿ 30ರಿಂದ 40 ಸೆಂಟ್ ಕೆಳಗೆ. ನೀವು ಹೇಳಿದ ಹಾಗೆ ಪಕ್ಕದ ತಂತಿ ಸರಿ ಇದೆ, ಇದು ಮಾತ್ರ ಬಿದ್ದಿದೆ.

ಇನ್ನೊಂದು ವಿಷಯ. ಪಿಯಾನೋ ಇರುವ ಕೋಣೆಯಲ್ಲಿ ರಾತ್ರಿ ಎಸಿ ಹಾಕುತ್ತೇವೆ.

---

ಹಳೇ_ಲಿವರ್ ಬರೆದರು:

ಅಂದಾಜು ಸರಿ ಬಂತು. 15 ಸೆಂಟ್ ಅಂದರೆ ತಂತಿಯ ಎಳೆತ ನೂರಕ್ಕೆ ಎರಡು ಪಾಲಿಗಿಂತಲೂ ಕಡಿಮೆ ಜಾಸ್ತಿಯಾಗಿದೆ. ತಂತಿಗೆ ಒಂದೂಕಾಲು ಕೆಜಿ ಚಿಲ್ಲರೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಇದು ಮಾಮೂಲು.

ಈಗ ಒಂದು ಮುಖ್ಯ ಮಾತು. ಪಿನ್‌ಬ್ಲಾಕ್ ಕೂಡ ಮರವೇ. ಹಳೆ ಮನೆಯ ಬಾಗಿಲು ಆಟಿಯಲ್ಲಿ ಸಿಕ್ಕಿಕೊಳ್ಳುವ ಹಾಗೆ ಅದೂ ಉಬ್ಬಿ ಬಿರಡೆಯನ್ನು ಇನ್ನಷ್ಟು ಗಟ್ಟಿ ಹಿಡಿಯುತ್ತದೆ. ಅಂದರೆ ವರ್ಷದಲ್ಲಿ ಬಿರಡೆಗಳು ಅತ್ಯಂತ ಬಿಗಿಯಾಗಿರುವ ಕಾಲ ಇದು. ಈಗಲೇ ಐದು ಜಾರುತ್ತಿದ್ದರೆ ಜನವರಿಯ ಒಣ ಗಾಳಿಗೆ ಇನ್ನೂ ಕೆಲವು ಜಾರುತ್ತವೆ. ಬಿರಡೆ ಸಡಿಲವಾಗುವ ಬಗೆಯೂ ಇದೇ. ಮಳೆಗಾಲದಲ್ಲಿ ಮರ ಉಬ್ಬಲು ನೋಡುತ್ತದೆ, ಉಕ್ಕು ಜಾಗ ಬಿಡುವುದಿಲ್ಲ, ತೂತಿನ ಸುತ್ತ ಮರದ ನಾರು ಜಜ್ಜಿಹೋಗುತ್ತದೆ. ಬೇಸಿಗೆಯಲ್ಲಿ ಮರ ಕುಗ್ಗಿದಾಗ ತೂತು ಮೊದಲಿಗಿಂತ ದೊಡ್ಡದು. ಹೀಗೆ ಐವತ್ತು ಅರವತ್ತು ಮಳೆಗಾಲ ಕಳೆದರೆ ಎಂತಹ ಹಲಗೆಯೂ ಸೋಲುತ್ತದೆ.

ಎಸಿ ನಿಮ್ಮ ದೊಡ್ಡ ಶತ್ರು. ಎಸಿ ಕೆಟ್ಟದ್ದಲ್ಲ, ಹಾಕಿ ತೆಗೆಯುವುದು ಕೆಟ್ಟದ್ದು. ಬೆಳಿಗ್ಗೆ ಆಫ್ ಮಾಡಿ ಕಿಟಕಿ ತೆರೆದರೆ ಹೊರಗಿನ ಒದ್ದೆ ಗಾಳಿ ಒಳಗೆ ಬರುತ್ತದೆ. ಒಂದೇ ದಿನದಲ್ಲಿ ಒಣ, ಒದ್ದೆ, ಒಣ. ಚಿಕ್ಕಮ್ಮನ ಹಂಚಿನ ಮನೆಯಲ್ಲಿ ತೇವ ಜಾಸ್ತಿ ಇದ್ದರೂ ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತಿತ್ತು.

---

ಬಲ್ಮಠ_ಬಾಸ್ ಬರೆದರು:

ಹಂಚಿನ ಮನೆಗೆ ಒಂದು ವೋಟು ಸಿಕ್ಕಿತು. ಬಾಸೆಲ್ ಮಿಶನ್‌ನವರು 1865ರಲ್ಲಿ ಇಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ಪಿಯಾನೋ ಉಳಿಸಲಿಕ್ಕೇ ಇರಬೇಕು.

---

ಆಚಾರಿ_ಕಾರ್ಕಳ ಬರೆದರು:

ನಾನು ಮರದ ಕೆಲಸದವನು, ಪಿಯಾನೋ ಒಳಗೆ ಕೈ ಹಾಕಿದವನಲ್ಲ. ಆ ಹಲಗೆ ಸೋತರೆ ಇಲ್ಲಿಯ ಮರದಲ್ಲಿ ಮಾಡಲು ಆಗುವುದಿಲ್ಲವಾ? ಕಿರಾಲ್‌ಬೋಗಿ ಉಂಟು. ನೀರಿಗೂ ಗೆದ್ದಲಿಗೂ ಜಗ್ಗುವುದಿಲ್ಲ, ದೋಣಿಗೇ ಹಾಕುತ್ತಾರೆ. ವೀಣೆಗೆ ಹಲಸು ಹಾಕುತ್ತಾರಲ್ವಾ, ಹಾಗೆ.

---

ಹಳೇ_ಲಿವರ್ ಬರೆದರು:

ಬೋಗಿ ಗಟ್ಟಿ, ಅದರಲ್ಲಿ ಮಾತಿಲ್ಲ. ಆದರೆ ಇಲ್ಲಿ ಗಟ್ಟಿತನ ಒಂದೇ ಸಾಕಾಗುವುದಿಲ್ಲ ಆಚಾರ್ರೇ. ನಿಮಗೆ ಗೊತ್ತೇ ಇರುತ್ತದೆ, ಪದರವಿಲ್ಲದ ಇಡೀ ಹಲಗೆ ಮರದ ಎಳೆಯ ಅಡ್ಡಕ್ಕೆ ಜಾಸ್ತಿ ಕುಗ್ಗುತ್ತದೆ, ಉದ್ದಕ್ಕೆ ಕುಗ್ಗುವುದೇ ಇಲ್ಲ ಅನ್ನಬಹುದು. ಅದರಲ್ಲಿ ಕೊರೆದ ಗುಂಡು ತೂತು ವರ್ಷ ಹೋದ ಹಾಗೆ ಮೊಟ್ಟೆಯಾಕಾರ ಆಗುತ್ತದೆ. ಬಿರಡೆಯನ್ನು ಎರಡು ಬದಿಯಲ್ಲಿ ಮಾತ್ರ ಹಿಡಿಯುತ್ತದೆ. ಹಾಗಾಗಿ ಪದರಗಳನ್ನು ಎಳೆ ಅಡ್ಡಡ್ಡ ಬರುವ ಹಾಗೆ ಅಂಟಿಸುತ್ತಾರೆ. ಆಗ ತೂತಿನ ಸುತ್ತ ಯಾವ ದಿಕ್ಕಿಗೆ ನೋಡಿದರೂ ಯಾವುದಾದರೊಂದು ಪದರದ ಕೊನೆಯೆಳೆ ಬಿರಡೆಯನ್ನು ಕಚ್ಚಿಕೊಂಡಿರುತ್ತದೆ.

---

ಆಚಾರಿ_ಕಾರ್ಕಳ ಬರೆದರು:

ಹಾಗಾದರೆ ಸರಿ. ಬೋಗಿಯನ್ನು ತೆಳು ಪದರ ಸೀಳುವುದು ನಮ್ಮ ಗರಗಸಕ್ಕೆ ಆಗುವ ಕೆಲಸ ಅಲ್ಲ.

---

ವೀಣೆ_ಮಣಿಪಾಲ ಬರೆದರು:

ಮೂಲ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಗಿಟಾರಿನ ಹಾಗೆ ಚಕ್ರ ಯಾಕಿಲ್ಲ? ತಂಬೂರಿಯಲ್ಲೂ ಬಿರಡೆ ಮರದಲ್ಲಿ ಘರ್ಷಣೆಯಿಂದಲೇ ನಿಲ್ಲುತ್ತದೆ, ಒಪ್ಪಿದೆ. ಆದರೆ ಸೂಕ್ಷ್ಮ ಶ್ರುತಿಗೆ ನಮಗೆ ಮಣಿ ಉಂಟು. ಕೆಳಗೆ ಸರಿಸಿದರೆ ಚೂರು ಏರುತ್ತದೆ. ಪಿಟೀಲಿಗೂ ಬಾಲದ ಹತ್ತಿರ ಸಣ್ಣ ಸ್ಕ್ರೂ ಉಂಟು. 78 ಕೆಜಿ ಎಳೆಯುವ ವಾದ್ಯಕ್ಕೆ ಮಾತ್ರ ಅಂತಹದ್ದು ಒಂದೂ ಇಲ್ಲ ಅಂದರೆ ಆಶ್ಚರ್ಯ.

---

ಹಳೇ_ಲಿವರ್ ಬರೆದರು:

ಪ್ರಯತ್ನ ಆಗಿದೆ. ಒಳ್ಳೆಯ ಪ್ರಯತ್ನವೇ ಆಗಿದೆ.

ಶುರುವಿಗೆ ಹೋಗೋಣ. ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ಟೊಫೊರಿ 1700ರ ಸುಮಾರಿಗೆ ಪಿಯಾನೋ ಮಾಡಿದಾಗ ಬಿರಡೆ ಬಂದದ್ದು ಅದಕ್ಕೂ ಹಳೆಯ ಕೀಲಿವಾದ್ಯ ಹಾರ್ಪ್ಸಿಕಾರ್ಡಿನಿಂದ. ಅವನ ಮೂರು ಪಿಯಾನೋ ಈಗಲೂ ಉಂಟು, 1720ರದ್ದು ನ್ಯೂಯಾರ್ಕಿನಲ್ಲಿ, 1722ರದ್ದು ರೋಮಿನಲ್ಲಿ, 1726ರದ್ದು ಲೈಪ್‌ಜಿಗ್‌ನಲ್ಲಿ. ಕೊನೆಯ ಎರಡರಲ್ಲಿ ಒಂದು ಚಂದದ ಉಪಾಯ ಮಾಡಿದ್ದಾನೆ. ಬಿರಡೆ ಹಲಗೆಯ ಮೇಲಿಂದ ಕೆಳಗೆ ಪೂರ್ತಿ ದಾಟುತ್ತದೆ. ತಂತಿ ಕೆಳಗಿನ ತುದಿಗೆ, ತಿರುಗಿಸುವುದು ಮೇಲಿನ ತುದಿಯಿಂದ. ಸುತ್ತಿಗೆ ಕೆಳಗಿನಿಂದ ಹೊಡೆದಾಗ ತಂತಿ ತನ್ನ ಜಾಗದಿಂದ ಮೇಲೇಳದೆ ಇನ್ನಷ್ಟು ಒತ್ತಿ ಕೂರುತ್ತದೆ.

ಆಗ ತಂತಿ ಸಣ್ಣ, ಎಳೆತ ಕಡಿಮೆ, ಮರದ ಚೌಕಟ್ಟೇ ಸಾಕಿತ್ತು. ದೊಡ್ಡ ದನಿ ಬೇಕಾದ ಹಾಗೆ ತಂತಿ ದಪ್ಪವಾಯಿತು. ಬಾಸ್ಟನ್‌ನ ಬ್ಯಾಬ್‌ಕಾಕ್ 1825ರಲ್ಲಿ ಒಂದೇ ಎರಕದ ಕಬ್ಬಿಣದ ಚೌಕಟ್ಟಿಗೆ ಪೇಟೆಂಟ್ ಪಡೆದ. ಚಿಕರಿಂಗ್ 1843ರಲ್ಲಿ ಅದನ್ನು ಗ್ರ್ಯಾಂಡ್ ಪಿಯಾನೋಕ್ಕೆ ತಂದ. ಚೌಕಟ್ಟು ಕಬ್ಬಿಣವಾಯಿತು, ಬಿರಡೆ ಹಿಡಿಯುವ ಹಲಗೆ ಮರವಾಗಿಯೇ ಉಳಿಯಿತು.

ಅದನ್ನೂ ತೆಗೆದು ಹಾಕಿದವರು ಬಾಸ್ಟನ್‌ನದ್ದೇ ಮೇಸನ್ ಅಂಡ್ ಹ್ಯಾಮ್ಲಿನ್. ಮೊದಲು ರೀಡ್ ಆರ್ಗನ್ ಮಾಡುತ್ತಿದ್ದವರು, ಹಾರ್ಮೋನಿಯಂ ಅಣ್ಣನ ನೆಂಟರು. 1880ರ ದಶಕದಲ್ಲಿ ಪಿಯಾನೋಕ್ಕೆ ಇಳಿದಾಗ ಸ್ಕ್ರೂ ಸ್ಟ್ರಿಂಗರ್ ಅಂತ ತಂದರು. ಬಿರಡೆಯೇ ಇಲ್ಲ. ತಂತಿಯ ತುದಿ ಒಂದು ಸ್ಕ್ರೂವಿಗೆ ಸಿಕ್ಕಿಸಿದೆ, ಸಣ್ಣ ಕೀಲಿಯಲ್ಲಿ ತಿರುಗಿಸಿದರೆ ಅದು ನೇರ ಹಿಂದಕ್ಕೆ ಎಳೆಯುತ್ತದೆ. ಲೋಹಕ್ಕೆ ಲೋಹ, ಜಾರುವ ಮಾತೇ ಇಲ್ಲ. ಆ ಪಿಯಾನೋಗಳು ಶ್ರುತಿ ಹಿಡಿದಿಟ್ಟುಕೊಳ್ಳುತ್ತಿದ್ದವು ಅಂತ ಟ್ಯೂನರುಗಳು ಈಗಲೂ ಹೊಗಳುತ್ತಾರೆ. ಆದರೂ 20ನೇ ಶತಮಾನದ ಶುರುವಿನಲ್ಲಿ ಅವರೇ ಕೈಬಿಟ್ಟರು. 230 ತಂತಿಗೂ ಅಷ್ಟು ನಾಜೂಕಾದ ಲೋಹದ ಕೆಲಸ ಅಂದರೆ ಖರ್ಚು ಎಷ್ಟಾಗಬಹುದು ಲೆಕ್ಕ ಹಾಕಿ. ಬಿರಡೆಯಾದರೆ ಒಂದು ಉಕ್ಕಿನ ತುಂಡು, ಒಂದು ತೂತು.

ಖರ್ಚಿನ ಮಾತು ಬಿಡಿ, ನನ್ನ ಮಟ್ಟಿಗೆ ದೊಡ್ಡ ವಿಷಯ ಬೇರೆ. ಗಿಟಾರಿನ ಚಕ್ರ ಇಡಿ, ಸ್ಕ್ರೂ ಇಡಿ. ಸೌಂಡ್‌ಬೋರ್ಡ್ ಮರವೇ ಅಲ್ವಾ? ಅಕ್ಕನ ಪಿಯಾನೋಕ್ಕೆ ಇವತ್ತು ಸ್ಕ್ರೂ ಇದ್ದಿದ್ದರೆ ಬಿದ್ದ ಐದು ತಂತಿ ಬೀಳುತ್ತಿರಲಿಲ್ಲ. ಏರಿದ ಎರಡು ಆಕ್ಟೇವ್ ಏರಿಯೇ ಇರುತ್ತಿತ್ತು.

---

ಸುರತ್ಕಲ್_ಇಂಜಿನಿಯರ್ ಬರೆದರು:

ಅದಕ್ಕೂ ಒಬ್ಬರು ಕೈ ಹಾಕಿದ್ದಾರೆ. ಅಮೆರಿಕದ ಡಾನ್ ಗಿಲ್ಮೋರ್ ಅನ್ನುವವರ ತಾನೇ ಶ್ರುತಿ ಮಾಡಿಕೊಳ್ಳುವ ಪಿಯಾನೋ. ಎಲ್ಲ ತಂತಿಗಳನ್ನೂ ಸ್ವಲ್ಪ ಮೇಲಿನ ಸ್ವರಕ್ಕೆ ಬಿಗಿದಿರುತ್ತಾರೆ. ಆಮೇಲೆ ಪ್ರತಿ ತಂತಿಗೂ ಸಣ್ಣ ಕರೆಂಟ್ ಹರಿಸುತ್ತಾರೆ. ಬಿಸಿಯಾದ ಉಕ್ಕು ಹಿಗ್ಗುತ್ತದೆ, ಸ್ವರ ಇಳಿದು ಸರಿಯಾದ ಜಾಗಕ್ಕೆ ಬರುತ್ತದೆ. ಎಷ್ಟು ಬಿಸಿ ಬೇಕು ಅಂತ ಒಳಗಿನ ಸರ್ಕ್ಯೂಟ್ ನೋಡಿಕೊಳ್ಳುತ್ತದೆ. ಅಲ್ಲಿ ಸೌಂಡ್‌ಬೋರ್ಡ್ ಏರಿದರೂ ಇಳಿದರೂ ಸರಿ ಮಾಡಬಹುದು.

---

ಬಲ್ಮಠ_ಬಾಸ್ ಬರೆದರು:

ನಮ್ಮಲ್ಲಿ ಗುಡುಗು ಬಂದು ಕರೆಂಟ್ ಹೋದರೆ ಹಾಡಿನ ಮಧ್ಯೆ ಇಡೀ ಪಿಯಾನೋ ಮೇಲಕ್ಕೆ ಹೋಗುತ್ತದೆ. ಕ್ವಾಯರ್ ಅದರ ಹಿಂದೆ ಓಡಬೇಕು.

---

ಕಲ್ಯಾಣಪುರ_ಕ್ವಾಯರ್ ಬರೆದರು:

ಅಕ್ಕನ ಐದು ಬಿರಡೆಗೆ ಬರೋಣ. ಈಗ ಎಲ್ಲರೂ ತೆಳು ಸೂಪರ್ ಗ್ಲೂ ಬಿಡಿ ಅನ್ನುತ್ತಾರೆ. ಬಿರಡೆಯ ಬುಡಕ್ಕೆ ಹನಿ ಹನಿ ಬಿಟ್ಟರೆ ಒಳಗೆ ಇಳಿದು ಸವೆದ ಮರವನ್ನು ಗಟ್ಟಿ ಮಾಡುತ್ತದೆ ಅಂತ. ನನಗೆ ಇದು ಹಿಡಿಸುವುದಿಲ್ಲ. ಎಣ್ಣೆ ಬೇಡ ಅಂದವರೇ ಗೋಂದು ಬಿಡಿ ಅಂದರೆ ಹೇಗೆ? ಸರಿಯಾದ ದಾರಿ ಒಂದೇ, ಬಿರಡೆ ತೆಗೆದು ಒಂದು ಅಳತೆ ದಪ್ಪದ್ದು ಹಾಕುವುದು. ನೂರು ವರ್ಷದಿಂದ ಹಾಗೆಯೇ ಮಾಡುತ್ತಿದ್ದಾರೆ.

---

ಹಳೇ_ಲಿವರ್ ಬರೆದರು:

ಎರಡಕ್ಕೂ ಜಾಗ ಉಂಟು. ಎಣ್ಣೆ ಜಾರಿಸುತ್ತದೆ, ಗ್ಲೂ ಒಣಗಿ ಗಟ್ಟಿಯಾಗುತ್ತದೆ, ಎರಡೂ ಒಂದೇ ಅಲ್ಲ. ಗ್ಲೂ ಹಾಕಿದ ಬಿರಡೆ ಆಮೇಲೂ ತಿರುಗುತ್ತದೆ. ಅದು ಅಂಟಿಕೊಳ್ಳುವುದಕ್ಕಿಂತ ಜಾಸ್ತಿ ತೂತಿನ ಗೋಡೆಗೆ ಬಲ ಕೊಡುತ್ತದೆ. ಅರ್ಧಕ್ಕರ್ಧ ಬಿರಡೆ ಸಡಿಲವಾದ, ದೊಡ್ಡ ಖರ್ಚು ಮಾಡುವ ಬೆಲೆಯಿಲ್ಲದ ಹಳೆ ಪಿಯಾನೋಕ್ಕೆ ನಾನೂ ಹಾಕಿದ್ದೇನೆ. ಆದರೆ ಅಪ್‌ರೈಟನ್ನು ಬೆನ್ನ ಮೇಲೆ ಮಲಗಿಸಿದರೆ ಮಾತ್ರ ಅದು ಸರಿಯಾಗಿ ಒಳಗೆ ಇಳಿಯುತ್ತದೆ. ಇನ್ನೂರು ಕೆಜಿ ದಾಟಿದ ಪೆಟ್ಟಿಗೆ ಅದು, ನಾಲ್ಕು ಜನ ಬೇಕು. ಅದರ ಹೊಗೆ ಕಣ್ಣಿಗೆ ಬಹಳ ಉರಿ, ಮುಚ್ಚಿದ ಕೋಣೆಯಲ್ಲಿ ಮಾಡುವ ಕೆಲಸವೇ ಅಲ್ಲ.

ಐದೇ ಬಿರಡೆ ಅಂದರೆ ಕಲ್ಯಾಣಪುರದವರು ಹೇಳಿದ್ದೇ ಸರಿ. ಅದರಲ್ಲೂ ಬಾಸ್ ತಂತಿ. ತಾಮ್ರ ಸುತ್ತಿದ ಆ ತಂತಿಗಳನ್ನು ಬಿಚ್ಚಿ ಮತ್ತೆ ಅದೇ ಜಾಗಕ್ಕೆ ಹಾಕಬಹುದು. ಬಿಚ್ಚುವಾಗ ಸುರುಳಿ ಕೆಡದ ಹಾಗೆ ನೋಡಿಕೊಳ್ಳಬೇಕು.

---

ವೀಣೆ_ಮಣಿಪಾಲ ಬರೆದರು:

ಸಂಗೀತದವಳಾಗಿ ಒಂದು ಮಾತು. ಪೂರ್ತಿ ಶ್ರುತಿಯಾದ ಪಿಯಾನೋದ ಗಾಂಧಾರವೂ ನನ್ನ ಕಿವಿಗೆ ಚುಚ್ಚುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ 14 ಸೆಂಟ್ ಮೇಲೆ ಉಂಟು. ಅಕ್ಕನ ಪಿಯಾನೋ ಏರಿದ್ದೂ ಅಷ್ಟೇ ಅಲ್ವಾ!

---

ಹಳೇ_ಲಿವರ್ ಬರೆದರು:

ಅದು ತಪ್ಪಿ ಆದದ್ದಲ್ಲ ಅಕ್ಕ, ಬೇಕಂತಲೇ ಮಾಡುವುದು. ಹನ್ನೆರಡು ಸ್ವರದ ನಡುವೆ ಸಮ ಅಂತರ ಇಟ್ಟರೆ ಮಾತ್ರ ಯಾವ ಸ್ವರವನ್ನು ಷಡ್ಜ ಮಾಡಿದರೂ ನುಡಿಸಬಹುದು. ಬೆಲೆ ಕೊಡುವುದು ಗಾಂಧಾರ. ನಾವು ಕಿವಿಯಲ್ಲಿ ಮಾಡುವಾಗ ಆ ತಪ್ಪನ್ನೇ ಎಣಿಸುತ್ತೇವೆ. ನಡುವಿನ ಸಿ ಸ್ವರಕ್ಕಿಂತ ಕೆಳಗಿನ ಎಫ್ ಮತ್ತು ಎ ಒಟ್ಟಿಗೆ ನುಡಿಸಿದರೆ ಸೆಕೆಂಡಿಗೆ ಸುಮಾರು ಏಳು ಅಲೆ, ಅಂದರೆ ದನಿಯ ಏರಿಳಿತ, ಕೇಳಬೇಕು. ಎ ಮತ್ತು ಅದರ ಪಂಚಮ ನುಡಿಸಿದರೆ ನಾಲ್ಕು ಸೆಕೆಂಡಿಗೆ ಮೂರು ಅಲೆ. ಅಲೆಯೇ ಇಲ್ಲದ ಪಂಚಮ ಚಂದ ಕೇಳುತ್ತದೆ, ಆದರೆ ಪಂಚಮದಿಂದ ಪಂಚಮಕ್ಕೆ ಹೋಗುತ್ತಾ ಹನ್ನೆರಡು ಸ್ವರದ ಸುತ್ತು ಮುಗಿಯುವಾಗ ಬೇರೆ ಎಲ್ಲೋ ಕರ್ಕಶ ಹುಟ್ಟುತ್ತದೆ.

---

ಕಂಕನಾಡಿ_ಅಕ್ಕ ಬರೆದರು:

ತುಂಬ ಕಲಿತೆ. ಹಾಗಾದರೆ ಈಗ ಎಂತ ಮಾಡಲಿ? ಟ್ಯೂನರನ್ನು ಈ ವಾರವೇ ಕರೆಸಲಾ? ತೇವಕ್ಕೆ ಒಳಗೆ ಬಲ್ಬ್ ಇಡಿ ಅಂತ ಚಿಕ್ಕಮ್ಮ ಹೇಳುತ್ತಾರೆ, ಅವರಲ್ಲಿ ಯಾವಾಗಲೂ ಇಡುತ್ತಿದ್ದರಂತೆ.

---

ಹಳೇ_ಲಿವರ್ ಬರೆದರು:

ಪೂರ್ತಿ ಶ್ರುತಿ ಈಗ ಬೇಡ. ಇವತ್ತು ಏರಿದ್ದನ್ನು ಇಳಿಸಿದರೆ ನವೆಂಬರ್‌ನಲ್ಲಿ ಸೌಂಡ್‌ಬೋರ್ಡ್ ಕುಗ್ಗಿ ಅದೆಲ್ಲ ಸರಿಯಾದ ಶ್ರುತಿಗಿಂತ (ಎ ಸ್ವರಕ್ಕೆ 440 ಹರ್ಟ್ಸ್) ಕೆಳಗೆ ಹೋಗುತ್ತದೆ, ಪರೀಕ್ಷೆಯ ಹೊತ್ತಿಗೇ. ಮಗಳು ಒಬ್ಬಳೇ ಅಭ್ಯಾಸ ಮಾಡುವಾಗ 12 ಸೆಂಟ್ ಏರಿದ್ದರೆ ತೊಂದರೆಯಿಲ್ಲ. ಒಂದೇ ಸ್ವರದ ತಂತಿಗಳು ತಮ್ಮೊಳಗೆ ಹೊಂದಿದ್ದರೆ ಸಾಕು. ಮಳೆ ಬಿಟ್ಟು ಗಾಳಿ ತಿರುಗಿದ ಮೇಲೆ, ಅಕ್ಟೋಬರ್ ಕೊನೆಯ ಹೊತ್ತಿಗೆ ಪೂರ್ತಿ ಮಾಡಿಸಿ. ಬಿದ್ದ ಐದು ಬಿರಡೆ ಈಗಲೇ ಬದಲಿಸಬಹುದು. ಹೊಸ ಬಿರಡೆಗೆ ಹಾಕಿದ ತಂತಿ ಕೂರಲು ಸಮಯ ಬೇಕು, ಆ ತನಕ ಮತ್ತೆ ಮತ್ತೆ ಎಳೆಯಬೇಕಾಗುತ್ತದೆ.

ಬಲ್ಬಿನ ಹಿಂದಿನ ಬುದ್ಧಿ ಸರಿ. ಗಾಳಿ ಬಿಸಿಯಾದರೆ ತೇವದ ಪ್ರಮಾಣ ಇಳಿಯುತ್ತದೆ. ಆದರೆ ಬಲ್ಬ್ ಹತ್ತಿರದ ಮರವನ್ನು ಅತಿ ಒಣಗಿಸಿ ದೂರದ್ದನ್ನು ಹಾಗೆಯೇ ಬಿಡುತ್ತದೆ. ಬೆಂಕಿಯ ಹೆದರಿಕೆ ಬೇರೆ, ಒಳಗೆಲ್ಲ ಫೆಲ್ಟ್. ಎಲ್‌ಇಡಿ ಬಲ್ಬಿನಲ್ಲಿ ಆ ಬಿಸಿಯೂ ಸಿಗುವುದಿಲ್ಲ. ಇದಕ್ಕೆಂದೇ ಡ್ಯಾಂಪ್-ಚೇಸರ್ ಅಂತ ಉದ್ದನೆಯ ಬಿಸಿ ಕೋಲು ಬರುತ್ತದೆ, ತೇವ ನೋಡಿ ತಾನೇ ಆನ್ ಆಫ್ ಆಗುವ ಸ್ವಿಚ್ಚಿನ ಜೊತೆ. ಅಷ್ಟು ಬೇಡ ಅಂದರೆ ಒಂದು ತೇವ ಅಳೆಯುವ ಮೀಟರ್ ತಂದು ಪಿಯಾನೋ ಮೇಲಿಡಿ. ತೇವವನ್ನು ಶೇಕಡಾ 50ಕ್ಕೇ ತರಬೇಕು ಅಂತ ಒದ್ದಾಡಬೇಡಿ. 65ರಲ್ಲಿ ನಿಂತರೂ ಒಳ್ಳೆಯದೇ, 50ಕ್ಕೂ 85ಕ್ಕೂ ದಿನಾ ಓಡಾಡಬಾರದು. ಎಸಿ ಇರುವ ಕೋಣೆಯಿಂದ ಹೊರಗೆ ತನ್ನಿ. ಪಡುವಣ ಗೋಡೆಗೆ, ಮಳೆ ಹೊಡೆಯುವ ಕಡೆಗೆ ಒರಗಿಸಬೇಡಿ. ಹಿಂದೆ ಒಂದು ಗೇಣು ಜಾಗ ಬಿಡಿ.

---

ಕಲ್ಯಾಣಪುರ_ಕ್ವಾಯರ್ ಬರೆದರು:

ಟ್ಯೂನರಿಗೆ ಇದನ್ನೂ ಹೇಳಿ ಅಕ್ಕ. ಉಪ್ಪುಗಾಳಿಗೆ ತಂತಿಯ ಬಾಗಿದ ಜಾಗದಲ್ಲಿ ತುಕ್ಕು ಹಿಡಿದಿರುತ್ತದೆ. ನೇರ ಮೇಲಕ್ಕೆ ಎಳೆದರೆ ಪಟ್ಟಂತ ತುಂಡಾಗುತ್ತದೆ. ಮೊದಲು ಕೂದಲೆಳೆಯಷ್ಟು ಕೆಳಗೆ ಬಿಟ್ಟು, ಟಿಕ್ ಅಂತ ತುಕ್ಕಿನ ಹಿಡಿತ ಬಿಟ್ಟ ಮೇಲೆ ಏರಿಸಬೇಕು. ಗೊತ್ತಿರುವವರು ಕೇಳದೆಯೇ ಹಾಗೆ ಮಾಡುತ್ತಾರೆ.

---

ಕಂಕನಾಡಿ_ಅಕ್ಕ ಬರೆದರು:

ಪಿಯಾನೋವನ್ನು ನಾಳೆ ಹಾಲಿಗೆ ತರಿಸುತ್ತೇವೆ. ಟ್ಯೂನರ್ ಬಿರಡೆ ನೀವೇ ತರಿಸಿಡಿ ಅಂದರು. ಆನ್‌ಲೈನಿನಲ್ಲಿ ನೋಡಿದರೆ 1/0, 2/0, 3/0 ಅಂತ ಏನೇನೋ ಉಂಟು. ಯಾವುದು ತರಿಸಲಿ?

---

ಹಳೇ_ಲಿವರ್ ಬರೆದರು:

ನಂಬರ್ ದೊಡ್ಡದಾದ ಹಾಗೆ ಬಿರಡೆ ದಪ್ಪ, ಒಂದೊಂದು ನಂಬರಿಗೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು. ಕಾರ್ಖಾನೆಯಿಂದ ಬರುವಾಗ ಸಾಮಾನ್ಯವಾಗಿ 2/0 ಇರುತ್ತದೆ, ಆದರೆ ನಿಮ್ಮದಕ್ಕೆ ಮೊದಲೇ ಯಾರಾದರೂ ದಪ್ಪದ್ದು ಹಾಕಿರಬಹುದು. ಟ್ಯೂನರಿಗೆ ಬಿದ್ದ ಬಿರಡೆಯಲ್ಲಿ ಒಂದನ್ನು ತೆಗೆದು ವರ್ನಿಯರ್‌ನಲ್ಲಿ ಅಳೆಯಲು ಹೇಳಿ. 2/0 ಬಂದರೆ 3/0 ಐದು, 4/0 ಎರಡು ತರಿಸಿ. 3/0 ಹಾಕಿಯೂ ಹಿಡಿತ ಸಾಲದಿದ್ದರೆ 4/0 ಬೇಕಾಗುತ್ತದೆ. ಹಳೆ ಇಂಗ್ಲಿಷ್ ಪಿಯಾನೋಗಳಲ್ಲಿ ತಲೆ ಚೌಕ ಇರದೆ ಚಪ್ಪಟೆಯಾಗಿರುವುದೂ ಉಂಟು, ಲಿವರಿನ ಬಾಯಿ ಬೇರೆ ಬೇಕಾಗುತ್ತದೆ. ಆರ್ಡರ್ ಮಾಡುವ ಮೊದಲು ತಲೆಯ ಒಂದು ಫೋಟೋ ಇಲ್ಲಿ ಹಾಕಿ.